ಊದುಬತ್ತಿಯ ಬೂದಿ

ಚಾಮರಾಜಪೇಟೆ
6-11-2024

ಅಣ್ಣನಿಗೆ ಹೇಮಾ ಮಾಡುವ ನಮಸ್ಕಾರ.

ಅಕ್ಷರ ಸೊಟ್ಟಗಿದೆ, ಕ್ಷಮಿಸು. ಕಾಗುಣಿತ ಎಲ್ಲೆಲ್ಲಿ ತಪ್ಪಿದೆಯೋ ನನಗೇ ಗೊತ್ತಾಗುವುದಿಲ್ಲ. ಅಜ್ಜಿಯನ್ನು ನೋಡಿಕೊಳ್ಳಲು ಐದನೇ ಕ್ಲಾಸಿಗೆ ಶಾಲೆ ಬಿಡಿಸಿದ ಮೇಲೆ ನಾನು ಬರೆದದ್ದೆಂದರೆ ದಿನಸಿ ಚೀಟಿಗಳು ಮಾತ್ರ. ನಿನ್ನ ಫೋನು ಸ್ವಿಚ್ ಆಫ್ ಎಂದೇ ಹೇಳುತ್ತದೆ. ಅದು ಹತ್ತಿದ್ದರೂ ನನಗೆ ಬಾಯಿ ಕಟ್ಟಿಹೋಗುತ್ತಿತ್ತು. ನಿನ್ನ ಗೆಳೆಯ ಮಹಾನಂದನ ಕೈಯಲ್ಲಿ ನಿನ್ನ ಹಾಸ್ಟೆಲಿನ ವಿಳಾಸ ಬರೆಸಿಕೊಂಡು ಬಂದೆ. ಕೊಡುವಾಗ ಅವನು, "ನಾನು ಕೊಟ್ಟೆ ಅಂತ ಮಾತ್ರ ಹೇಳ್ಬೇಡ ತಾಯಿ" ಎಂದ. ಹೇಳಿಬಿಟ್ಟೆ.

ಬರೆಯುವ ಕಾರಣ ಕಂಪ್ಯೂಟರ್. ಅದು ಸರಿಯಾಗಿ ಶುರುವಾಗುತ್ತಿಲ್ಲ. ಸ್ವಿಚ್ ಹಾಕಿದರೆ ಫ್ಯಾನಿನ ಸದ್ದು ಬರುತ್ತದೆ, ದೀಪ ಹತ್ತುತ್ತದೆ, ಕಂಪನಿಯ ಗುರುತು ಬಂದು ಹೋಗುತ್ತದೆ. ಆಮೇಲೆ ಕಪ್ಪು ಪರದೆ. ಅದರ ಮೇಲೆ ಬಿಳಿ ಇಂಗ್ಲಿಷ್ ಸಾಲು. ಒಂದೊಂದೇ ಅಕ್ಷರ ಕೂಡಿಸಿ ಓದಿದೆ: ರೀಬೂಟ್ ಆಂಡ್ ಸೆಲೆಕ್ಟ್ ಪ್ರಾಪರ್ ಬೂಟ್ ಡಿವೈಸ್. ಯಾವ ಗುಂಡಿ ಒತ್ತಿದರೂ ಅದೇ ಸಾಲು ಇನ್ನೊಂದು ಸಲ ಬರುತ್ತದೆ, ಅಷ್ಟೇ.

ಅಪ್ಪ ಮಂಡಿಯಿಂದ ಬಂದವರು ನೋಡಿ, "ಪ್ಲಗ್ ಕಿತ್ತು ನಾಲ್ಕು ತಟ್ಟು. ನಮ್ಮ ಟಿವಿನೂ ಹಂಗೇ ಅಲ್ವಾ ದಾರಿಗೆ ಬಂದಿದ್ದು?" ಎಂದರು. ತಟ್ಟಿದೆವು. ಬರಲಿಲ್ಲ.

ನಿನಗೆ ಗೊತ್ತಿಲ್ಲದ ಒಂದು ವಿಷಯ ಹೇಳಬೇಕು. ನೀನು ಜೆರಾಕ್ಸ್ ಅಂಗಡಿಗೆ ಹೋದ ಮೇಲೆ ಮಧ್ಯಾಹ್ನಗಳಲ್ಲಿ ನಾನು ಅದರ ಮುಂದೆ ಕೂರುತ್ತಿದ್ದೆ. ನೀನು ಮಾಡುವುದನ್ನು ನೋಡಿ ನೋಡಿ ಕಲಿತೆ. ಬಣ್ಣ ಹಚ್ಚುವ ಪುಟ ತೆಗೆದು ಮೌಸಿನಲ್ಲಿ ರವಿಕೆಯ ಡಿಸೈನು ಬರೆಯುತ್ತಿದ್ದೆ. ಬಳ್ಳಿ, ಗಿಳಿ, ಮಾವಿನಕಾಯಿ, ಬೆನ್ನಿಗೆ ಬರುವ ಕಮಲ. ಒಂದು ತೋಳಿನದು ಬರೆದು ತಿರುಗಿಸಿದರೆ ಇನ್ನೊಂದು ತೋಳಿನದು ತಾನಾಗಿಯೇ ಬರುತ್ತದಲ್ಲ, ಅದು ನನಗೆ ಬಹಳ ಇಷ್ಟ. ಕೈಯಲ್ಲಿ ಬರೆದರೆ ಎರಡೂ ಒಂದೇ ಸಮ ಬರುವುದಿಲ್ಲ. ಎರಡು ವರ್ಷದ ಕೆಲಸ ಅದರಲ್ಲಿದೆ. ಒಂದನ್ನೂ ಪ್ರಿಂಟ್ ತೆಗೆಸಿಲ್ಲ. ತೆಗೆಸಬೇಕಾದರೆ ನಿನ್ನ ಅಂಗಡಿಗೇ ಬರಬೇಕಿತ್ತು.

ಮಲ್ಲೇಶ್ವರದಲ್ಲಿ ವಿಶಾಲಾಕ್ಷಮ್ಮ ಎಂಬವರ ಅಂಗಡಿ ಇದೆ. ಮದುವೆ ರವಿಕೆಗಳಿಗೆ ಆರಿ ವರ್ಕ್ ಮಾಡಿಸುತ್ತಾರೆ. ಕೆಲಸ ಕೇಳಲು ಹೋಗಿದ್ದೆ. "ಸೂಜಿ ಹಿಡಿಯೋರು ಬೇಕಾದಷ್ಟು ಜನ ಇದಾರಮ್ಮ. ನನಗೆ ಬೇಕಾಗಿರೋದು ಡಿಸೈನ್ ಬರೆಯೋಳು. ನೀನೇ ಬರೆದಿದ್ದು ಏನಾದ್ರೂ ಇದ್ರೆ ತಗೊಂಡು ಬಾ. ಯುಗಾದಿವರೆಗೂ ಕಾಯ್ತೀನಿ" ಎಂದರು. ಇದೆ ಎಂದು ಹೇಳಿ ಬಂದಿದ್ದೇನೆ. ಅಷ್ಟು ಜೋರಾಗಿ ನಾನು ಯಾರ ಮುಂದೆಯೂ ಮಾತಾಡಿದ್ದಿಲ್ಲ.

ಏನು ಮಾಡಬೇಕೆಂದು ಬರೆ. ನೀನು ಹೇಳಿದ ಹಾಗೆ ಮಾಡುತ್ತೇನೆ.

ಅಮ್ಮ ಚೆನ್ನಾಗಿದ್ದಾಳೆ.

ನಿನ್ನ ತಂಗಿ
ಹೇಮಶ್ರೀ


ಕಲಬುರಗಿ
16-11-2024

ಹೇಮಾ,

ಕಾಗದ ತಲುಪಿತು. ನೀನು ಕಂಪ್ಯೂಟರಿನಲ್ಲಿ ಚಿತ್ರ ಬರೆಯುತ್ತಿದ್ದೆ ಎಂದು ನನಗೆ ಗೊತ್ತಿರಲಿಲ್ಲ.

ಪ್ಲಗ್ ತೆಗೆ. ಹಿಂದಿನ ಎರಡು ಸ್ಕ್ರೂ ಬಿಚ್ಚಿ ಪಕ್ಕದ ತಗಡು ಎಳೆ. ಒಳಗೆ ಉದ್ದಕ್ಕೆ, ಅಂಗೈಯಷ್ಟು ಉದ್ದದ ಹಸಿರು ಪಟ್ಟಿ ನಿಂತಿರುತ್ತದೆ. ಅದು ರ‍್ಯಾಮ್. ಎರಡು ತುದಿಯ ಕ್ಲಿಪ್ ಒತ್ತಿದರೆ ಮೇಲೆ ಬರುತ್ತದೆ. ಅದರ ಹಳದಿ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಲ್ಲಿ ನಿಧಾನವಾಗಿ ಉಜ್ಜಿ, ಪುಡಿ ಊದಿ, ಮತ್ತೆ ಕೂರಿಸು. ಟಕ್ ಎನ್ನಬೇಕು. ಫ್ಯಾನಿನ ಧೂಳನ್ನೂ ಹಳೆಯ ಬ್ರಷ್ಷಿನಲ್ಲಿ ತೆಗೆ.

ಅಂಗಡಿಗೆ ಒಯ್ಯಬೇಡ. ಒಳಗಿನ ಒಳ್ಳೆಯ ಪಾರ್ಟ್ ತೆಗೆದುಕೊಂಡು ಹಳೆಯದನ್ನು ಹಾಕಿ ಕಳಿಸುತ್ತಾರೆ.

ಕಾರಣ ಏನೆಂದು ನಾನು ಹೇಳಬೇಕಾಗಿಲ್ಲ. ಆಯುಧಪೂಜೆಯ ದಿನ ಅಮ್ಮ ಆ ಕ್ಯಾಬಿನೆಟ್ಟಿನ ಗಾಳಿತೂತುಗಳಿಗೆ ಊದುಬತ್ತಿ ಸಿಕ್ಕಿಸಿದ್ದಳು. ಬೂದಿ ಎಲ್ಲ ಒಳಗೆ ಬಿದ್ದಿದೆ. ಅರಿಶಿನದ ನೀರು ಬೇರೆ.

ಸುಮನ್


ಚಾಮರಾಜಪೇಟೆ
1-12-2024

ಅಣ್ಣನಿಗೆ ನಮಸ್ಕಾರ.

ನೀನು ಬರೆದಂತೆಯೇ ಮಾಡಿದೆ. ರಬ್ಬರಿನಲ್ಲಿ ಉಜ್ಜುವಾಗ ಅಮ್ಮ ಪಕ್ಕದಲ್ಲಿ ಕೈ ಕಟ್ಟಿಕೊಂಡು ಕೂತಿದ್ದಳು. "ಮೆತ್ತಗೆ ಕಣೇ, ಮಗು ಬಾಯಿ ಒರೆಸ್ದಂಗೆ ಒರೆಸು" ಎನ್ನುತ್ತಿದ್ದಳು. ಫ್ಯಾನಿನ ಧೂಳು ತೆಗೆದೆ. ಊದುಬತ್ತಿಯ ಬೂದಿ ತಳದಲ್ಲಿ ಒಂದು ಚಿಟಿಕೆಯಷ್ಟು ಇತ್ತು. ಅದನ್ನು ನೋಡಿ ಅಮ್ಮ ಎದ್ದು ಹೊರಗೆ ಹೋದಳು.

ಟಕ್ ಎಂದಿತು. ಆದರೂ ಅದೇ ಸಾಲು ಬಂತು.

ನಿನ್ನ ಕಾಗದವನ್ನು ನಾನು ಅಮ್ಮನಿಗೆ ಗಟ್ಟಿಯಾಗಿ ಓದಬಾರದಿತ್ತು. ನಿನ್ನ ಅಕ್ಷರ ಎಂದ ಕೂಡಲೇ ಓದು ಓದು ಎಂದು ಹಿಂದೆ ಬಿದ್ದಳು. ನಡುವೆ ನಿಲ್ಲಿಸಲು ನನಗೆ ಬರಲಿಲ್ಲ. ಆವತ್ತಿನಿಂದ ದೇವರ ಗೂಡಿನ ಮುಂದೆ ದೀಪ ಹಚ್ಚುತ್ತಾಳೆ, ಊದುಬತ್ತಿ ಹಚ್ಚುವುದಿಲ್ಲ. ಕುಂಕುಮದ ಭರಣಿಯನ್ನು ಎತ್ತಿ ಅಟ್ಟದ ಮೇಲೆ ಇಟ್ಟಿದ್ದಾಳೆ. "ನನ್ನ ಕೈಯಿಂದಲೇ ಮಗನ್ನೂ ಕಳ್ಕೊಂಡೆ, ಮಿಷನ್ನೂ ಕೆಡಿಸ್ದೆ" ಎಂದು ಅಪ್ಪನ ಹತ್ತಿರ ಹೇಳುವುದು ಕೇಳಿಸಿತು. ಅಪ್ಪ, "ಬೌದ್ಧ ದೀಕ್ಷೆ ತಗೋತೀನಿ, ಮನೇಲಿ ಪೂಜೆ ಬೇಡ ಅಂತ ಅವನು ಮೊದಲೇ ಹೇಳಿದ್ನಲ್ಲ, ನೀನ್ಯಾಕೆ ಅವನ ವಸ್ತು ಮುಟ್ಟಕ್ಕೆ ಹೋದೆ?" ಎಂದರು. ಅಮ್ಮನದು ಒಂದೇ ಮಾತು: "ಅವನಿಗೆ ಅನ್ನ ಹಾಕೋ ಮಿಷನ್ನು. ಒಂದು ಹೂವು ಇಡ್ದೆ ಹೆಂಗೆ ಬಿಡ್ಲಿ?"

ಒಂದು ವಿಷಯ ಕೇಳುತ್ತೇನೆ. ಒಳಗೆ ಒಂದು ಕೆಂಪು ಪಟ್ಟಿ ವೈರಿನ ತುದಿ ಯಾವುದಕ್ಕೂ ಸೇರದೆ ನೇತಾಡುತ್ತಿದೆ. ಅದನ್ನು ಎಲ್ಲಿಗೆ ಹಾಕಬೇಕು?

ಹೇಮಶ್ರೀ


ಕಲಬುರಗಿ
12-12-2024

ಹೇಮಾ,

ಅದು ಉಪಯೋಗಕ್ಕಿಲ್ಲದ ವೈರು. ಬಿಡು.

ಒಳಗೆ ಬಿಲ್ಲೆಯಂಥ ಬೆಳ್ಳಗಿನ ಬ್ಯಾಟರಿ ಇದೆ, ಗಡಿಯಾರದ ಅಂಗಡಿಯಲ್ಲಿ ಅಂಥದು ಸಿಗುತ್ತದೆ. ಬದಲಾಯಿಸಿ ನೋಡು. ಇಲ್ಲಿ ಹುಡುಗರ ಪರೀಕ್ಷೆ ಹತ್ತಿರ ಬಂದಿದೆ. ಹಾಸ್ಟೆಲಿನ ಕಂಪ್ಯೂಟರ್ ಕೋಣೆ ಪೂರ್ತಿ ನನ್ನ ಮೇಲಿದೆ.

ಸುಮನ್


ಚಾಮರಾಜಪೇಟೆ
5-1-2025

ಅಣ್ಣನಿಗೆ ನಮಸ್ಕಾರ.

ಬ್ಯಾಟರಿ ಬದಲಾಯಿಸಿದೆ. ಈಗ ಆ ಸಾಲಿಗಿಂತ ಮೊದಲು ತಾರೀಖು ತಪ್ಪು ಎಂದು ಇನ್ನೊಂದು ಸಾಲು ಬರುತ್ತದೆ. ಇದ್ದ ತೊಂದರೆ ಹೋಗಲಿಲ್ಲ, ಹೊಸದು ಸೇರಿಕೊಂಡಿತು.

ಕೈಯಲ್ಲಿ ಬರೆಯಲು ಕೂತಿದ್ದೆ. ಕಮಲ ನೆನಪಿದೆ, ಅದರ ಸುತ್ತ ಸುತ್ತಿದ ಬಳ್ಳಿ ನೆನಪಿಗೆ ಬರುತ್ತಿಲ್ಲ. ಗಿಳಿ ಬರೆದೆ, ಕೋಳಿಯಾಯಿತು. ಅಪ್ಪ ನೋಡಿ, "ಭಾನುವಾರ ಸಾರಿಗೆ ಆಗತ್ತೆ" ಎಂದರು. ನಕ್ಕೆ. ಆಮೇಲೆ ಆ ಹಾಳೆಯನ್ನು ಒಲೆಗೆ ಹಾಕಿದೆ.

ವಿಶಾಲಾಕ್ಷಮ್ಮ ಮೆಟ್ರೋ ಸ್ಟೇಷನ್ನಿನ ಹತ್ತಿರ ಸಿಕ್ಕಿದ್ದರು. "ಏನಮ್ಮ, ನಿನ್ನ ಡಿಸೈನ್‌ಗೆ ಮುಹೂರ್ತ ಸಿಗ್ಲಿಲ್ವಾ?" ಎಂದು ಕೇಳಿದರು. ಕಂಪ್ಯೂಟರ್ ಕೆಟ್ಟಿದೆ ಎಂದೆ. "ಎಲ್ಲರದ್ದೂ ಕೆಡತ್ತಮ್ಮ, ನಾನು ಕೇಳಿದಾಗ" ಎಂದರು. ಅವರು ನಂಬಲಿಲ್ಲ. ಸುಳ್ಳು ಹೇಳುವವರ ಹಾಗೆ ನಾನು ತಲೆ ತಗ್ಗಿಸಿಕೊಂಡು ನಿಂತಿದ್ದೆ. ನಾನು ನಿಲ್ಲುವುದೇ ಹಾಗೆ, ಏನು ಮಾಡಲಿ.

ಅಮ್ಮನಿಗೆ ಒಂದು ಸಾಲು ಬರೆ. ದೊಡ್ಡದೇನೂ ಬೇಡ. ಅವಳ ಊದುಬತ್ತಿಯಿಂದಲೇ ಆಯಿತೆಂದು ಖಂಡಿತವಾಗಿ ಹೇಳಲಾಗುವುದಿಲ್ಲ ಎಂದು ಬರೆದರೂ ಸಾಕು. ಅವಳು ಈಗ ಕಂಪ್ಯೂಟರ್ ಇರುವ ಮೂಲೆಯನ್ನು ಗುಡಿಸುವುದನ್ನೂ ಬಿಟ್ಟಿದ್ದಾಳೆ. ಪೊರಕೆ ತಗುಲಿ ಇನ್ನೇನಾದರೂ ಆದೀತೆಂದು.

ಹೇಮಶ್ರೀ


ಚಾಮರಾಜಪೇಟೆ
2-2-2025

ಅಣ್ಣ,

ಹಿಂದಿನ ಕಾಗದ ತಲುಪಿತೋ ಇಲ್ಲವೋ. ಯುಗಾದಿ ಹತ್ತಿರ ಬರುತ್ತಿದೆ. ಡಿಸೈನು ತೆಗೆಯುವಷ್ಟು ಹೊತ್ತು ಅದು ಶುರುವಾದರೆ ಸಾಕು, ಆಮೇಲೆ ಕೆಟ್ಟರೂ ಪರವಾಗಿಲ್ಲ. ಹಾಗೆ ಏನಾದರೂ ದಾರಿ ಇದ್ದರೆ ಹೇಳು.

ಹೇಮಶ್ರೀ


ಕಲಬುರಗಿ
14-2-2025

ಹೇಮಾ,

ಕೆಲಸದಲ್ಲಿ ಬರೆಯಲಾಗಲಿಲ್ಲ. ನೀನು ಹೇಳಿದ್ದನ್ನೆಲ್ಲ ನೋಡಿದರೆ ಮದರ್‌ಬೋರ್ಡೇ ಹೋಗಿದೆ ಎನಿಸುತ್ತದೆ. ನೀರು ಬಿದ್ದರೆ ಹಾಗೆಯೇ ಆಗುವುದು. ಇನ್ನು ಅದರ ಆಸೆ ಬಿಡು. ಚಿತ್ರಗಳನ್ನು ಮತ್ತೆ ಬರೆದರಾಯಿತು, ನಿನಗೆ ಅಭ್ಯಾಸವಿದೆಯಲ್ಲ.

ಅಮ್ಮನಿಗೆ ಹೇಳು, ನನಗೆ ಕೋಪವಿಲ್ಲ. ಆದರೆ ಮೂಢನಂಬಿಕೆಯಿಂದ ಏನಾಗುತ್ತದೆ ಎಂಬುದು ಅವಳಿಗೆ ಈಗಲಾದರೂ ಅರ್ಥವಾದರೆ ಒಳ್ಳೆಯದು.

ಸುಮನ್


ಚಾಮರಾಜಪೇಟೆ
9-3-2025

ಅಣ್ಣ,

ನೀನು ಬೇಡ ಎಂದದ್ದನ್ನು ಮಾಡಿದೆವು. ಕಂಪ್ಯೂಟರನ್ನು ಅಂಗಡಿಗೆ ಒಯ್ದೆವು.

ನಾನಾಗಿ ಹೊರಟದ್ದಲ್ಲ. ಅಮ್ಮ ಹೊರಡಿಸಿದಳು. ನಿನ್ನ ಕಾಗದದ ಕೊನೆಯ ಮಾತನ್ನು ನಾನು ಅವಳಿಗೆ ಓದಿ ಹೇಳಿರಲಿಲ್ಲ, ಕೋಪವಿಲ್ಲ ಎಂಬಲ್ಲಿಗೆ ನಿಲ್ಲಿಸಿದ್ದೆ. ಅಷ್ಟಕ್ಕೇ ಅವಳಿಗೆ ಧೈರ್ಯ ಬಂದುಬಿಟ್ಟಿತು. "ನಾನು ಕೆಡಿಸಿದ್ದು, ನಾನೇ ಮಾಡಿಸ್ತೀನಿ ನಡಿ" ಎಂದಳು. ಹಳೆಯ ಸೀರೆಯಲ್ಲಿ ಸುತ್ತಿ, ತೊಡೆಯ ಮೇಲೆ ಇಟ್ಟುಕೊಂಡು ಆಟೋದಲ್ಲಿ ಎಸ್.ಪಿ. ರೋಡಿಗೆ ಹೋದೆವು. ಹಳ್ಳ ಬಂದಲ್ಲೆಲ್ಲ ಆಟೋದವನಿಗೆ, "ನಿಧಾನಕ್ಕೆ ಹೋಗಪ್ಪ, ಒಳಗೆ ಪೆಟ್ಟಾಗತ್ತೆ" ಎಂದಳು. ಅವನು ಹಿಂತಿರುಗಿ ನೋಡಿ, "ಆಸ್ಪತ್ರೆಗಾ?" ಎಂದ.

ಮಹಡಿ ಮೆಟ್ಟಿಲ ಕೆಳಗಿನ ಸಣ್ಣ ಅಂಗಡಿ. ನಾನು ಹಿಂದೆ ನಿಂತೆ. ಅಮ್ಮನೇ ಹೇಳತೊಡಗಿದಳು: "ನನ್ನಿಂದ ತಪ್ಪಾಗಿದೆ ಸ್ವಾಮಿ. ಆಯುಧಪೂಜೆ ದಿನ ಅರಿಶಿನದ ನೀರು ಚಿಮುಕಿಸ್ಬಿಟ್ಟೆ, ಕುಂಕುಮ ಇಟ್ಟೆ, ತೂತು ಇತ್ತಲ್ಲ ಅಂತ ಊದುಬತ್ತಿ ಸಿಕ್ಕಿಸ್ದೆ. ಅದಕ್ಕೇ ಕೆಟ್ಟೋಯ್ತು."

ಅಂಗಡಿಯವನು ನಗುವುದಕ್ಕೆ ಶುರುಮಾಡಿದ. "ಅಮ್ಮಾ, ಕುಂಕುಮಕ್ಕೆ ಕೆಡೋ ಹಂಗಿದ್ರೆ ಈ ರೋಡಲ್ಲಿ ಒಂದು ಅಂಗ್ಡಿನೂ ಬಾಗಿಲು ತೆಗೀತಿರ್ಲಿಲ್ಲ. ಇಲ್ನೋಡಿ" ಎಂದು ತನ್ನ ಕಂಪ್ಯೂಟರನ್ನು ನಮ್ಮ ಕಡೆ ತಿರುಗಿಸಿದ. ಅದರ ಹಣೆಯ ಮೇಲೆ ಕುಂಕುಮ ಒಣಗಿ ಕರ್ರಗಾಗಿತ್ತು. ಮೇಲೆ ಸೇವಂತಿಗೆ ಹಾರದ ನಾರು ಇನ್ನೂ ಸುತ್ತಿಕೊಂಡಿತ್ತು.

ಪಕ್ಕದ ತಗಡು ತೆಗೆದು ಒಳಗೆ ಬಗ್ಗಿ ನೋಡಿದ. ಆ ಕೆಂಪು ವೈರನ್ನು ಎತ್ತಿ ಹಿಡಿದ.

"ಹಾರ್ಡ್ ಡಿಸ್ಕೇ ಇಲ್ವಲ್ಲಮ್ಮ. ಯಾರು ತೆಗೆದಿದ್ದು?"

ಅಮ್ಮ ನನ್ನ ಮುಖ ನೋಡಿದಳು. ಅದೇನು ಎಂದು ನಾನು ಕೇಳಿದೆ. ನೀವು ಮಾಡಿದ್ದು, ಬರೆದದ್ದು ಎಲ್ಲ ಇರುವುದು ಅದರಲ್ಲೇ ಎಂದ. ಅದಿಲ್ಲದೆ ಕಂಪ್ಯೂಟರ್ ಏಳುವುದಿಲ್ಲ, ಆ ಬಿಳಿ ಸಾಲು ಹೇಳುವುದೂ ಅದನ್ನೇ ಎಂದ. "ಕೆಟ್ಟೋಗಿ ಬಿದ್ದಿದ್ದಲ್ಲ ಇದು. ನೀಟಾಗಿ ನಾಲ್ಕು ಸ್ಕ್ರೂ ಬಿಚ್ಚಿ ತೆಗೆದವ್ರೆ. ಗೊತ್ತಿರೋರೇ ತೆಗೆದಿರೋದು."

ವಿಜಯದಶಮಿಯ ಬೆಳಿಗ್ಗೆ ನಾನೂ ಅಮ್ಮನೂ ಬನ್ನಿ ಸೊಪ್ಪು ತರಲು ಹೋಗಿದ್ದೆವು. ಬರುವಷ್ಟರಲ್ಲಿ ನೀನು ಹೊರಟುಹೋಗಿದ್ದೆ. ಆ ಹೊತ್ತಿನಲ್ಲಿ ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ.

ಬರುವಾಗ ಬಸ್ಸಿನಲ್ಲಿ ಬಂದೆವು. ಸೀಟು ಸಿಕ್ಕಿದ ಮೇಲೆ ಅಮ್ಮ ಕಂಪ್ಯೂಟರನ್ನು ತೊಡೆಯ ಮೇಲೆ ಸರಿಮಾಡಿಕೊಂಡಳು. ಆಮೇಲೆ ಕೇಳಿದಳು.

"ಹಂಗಾದ್ರೆ ನನ್ನ ಊದುಬತ್ತಿಯಿಂದ ಅಲ್ಲ."

"ಅಲ್ಲಮ್ಮ."

"ನೀರಿಂದಾನೂ ಅಲ್ಲ?"

"ಅಲ್ಲ."

ಅವಳ ಮುಖ ಬಿಚ್ಚಿಕೊಂಡಿತು. ಅಷ್ಟು ತಿಂಗಳಲ್ಲಿ ನಾನು ಅದನ್ನು ನೋಡಿರಲಿಲ್ಲ. ನಿನ್ನ ಮೇಲೆ ಕೂಗಾಡುತ್ತಾಳೆ ಎಂದುಕೊಂಡೆ. ಕೂಗಾಡಲಿ ಎಂದೂ ನನಗಿತ್ತು.

"ಅವನದ್ದು ಅವನು ತಗೊಂಡವ್ನೆ. ಅಲ್ಲಿ ಬೇಕಾಗಿತ್ತೇನೋ ಪಾಪ. ನೀನು ಕಾಗದದಲ್ಲಿ ಕಳ್ಳತನ ಗಿಳ್ಳತನ ಅಂತೆಲ್ಲ ಬರೀಬೇಡ" ಎಂದಳು.

"ನಂದೂ ಇತ್ತಲ್ಲಮ್ಮ ಅದ್ರಲ್ಲಿ" ಎಂದೆ.

"ನಿಂದೇನಿತ್ತು?"

ಅವಳು ನಿಜವಾಗಿಯೂ ತಿಳಿಯದೆ ಕೇಳಿದ್ದು. ನಾನು ಕಿಟಕಿಯ ಕಡೆ ತಿರುಗಿದೆ. ಮನೆಗೆ ಬಂದವಳೇ ಅಟ್ಟ ಹತ್ತಿ ಭರಣಿ ಇಳಿಸಿದಳು.

ಆದ್ದರಿಂದ ಕಳ್ಳತನ ಎಂದು ಬರೆಯುವುದಿಲ್ಲ. ಇಷ್ಟು ಮಾತ್ರ ಕೇಳುತ್ತೇನೆ. ನನ್ನ ಮೊದಲ ಕಾಗದ ಓದಿದಾಗಲೇ ನಿನಗೆ ಗೊತ್ತಿತ್ತಲ್ಲ. ಮತ್ತೆ ರಬ್ಬರಿನಲ್ಲಿ ಯಾಕೆ ಉಜ್ಜಿಸಿದೆ? ಬ್ಯಾಟರಿ ಯಾಕೆ ತರಿಸಿದೆ? ವೈರು ತೋರಿಸಿ ಕೇಳಿದಾಗಲಾದರೂ ಹೇಳಬಹುದಿತ್ತು.

ಅದು ನಿನ್ನ ಹತ್ತಿರವೇ ಇದ್ದರೆ ನನ್ನ ಡಿಸೈನುಗಳನ್ನು ತೆಗೆದು ಕಳಿಸು. ಯುಗಾದಿಗೆ ಇನ್ನೂ ಸಮಯವಿದೆ.

ಹೇಮಶ್ರೀ


ಕಲಬುರಗಿ
19-3-2025

ಹೇಮಾ,

ಡಿಸ್ಕ್ ನನ್ನದು. ನನ್ನ ಸರ್ಟಿಫಿಕೇಟುಗಳು, ಫೋಟೋಗಳು, ಪಾಠದ ಟಿಪ್ಪಣಿ ಎಲ್ಲ ಅದರಲ್ಲಿದ್ದವು. ಬಿಟ್ಟು ಬರಲಾಗುತ್ತಿರಲಿಲ್ಲ. ಇಡೀ ಕಂಪ್ಯೂಟರನ್ನು ಹೊತ್ತು ಬರಲು ಆಗುತ್ತಿರಲಿಲ್ಲ.

ಇಲ್ಲಿಗೆ ಬಂದ ವಾರದಲ್ಲೇ ನನಗೆ ಬೇಕಾದದ್ದನ್ನು ತೆಗೆದಿಟ್ಟುಕೊಂಡು ಉಳಿದದ್ದನ್ನು ಅಳಿಸಿದೆ. ಡಿಸ್ಕನ್ನು ಹಾಸ್ಟೆಲಿನ ಹುಡುಗರ ಕಂಪ್ಯೂಟರಿಗೆ ಹಾಕಿದ್ದೇನೆ. ಅಳಿಸುವಾಗ ನಿನ್ನ ಹೆಸರಿನ ಫೋಲ್ಡರ್ ಒಂದು ಕಂಡಿತ್ತು. ಆಟವಾಡಲು ಮಾಡಿಕೊಂಡಿದ್ದೀಯ ಎಂದುಕೊಂಡೆ. ತೆರೆಯಲಿಲ್ಲ. ನಿನ್ನ ಕಾಗದ ಬರುವ ಹೊತ್ತಿಗೆ ಅದು ಇರಲಿಲ್ಲ. ಇಲ್ಲ ಎಂದು ಬರೆದಿದ್ದರೆ ನಿನಗೆ ಏನು ಸಿಗುತ್ತಿತ್ತು?

ಅಮ್ಮನ ವಿಷಯ. ಅವಳು ತನ್ನ ಪೂಜೆಯ ಬಗ್ಗೆ ಒಂದು ಸಲವಾದರೂ ಯೋಚಿಸಲಿ ಎಂದು ನಾನು ಸುಮ್ಮನಿದ್ದದ್ದು ನಿಜ. ಅದರಲ್ಲಿ ನನ್ನ ಸ್ವಾರ್ಥವೇನೂ ಇಲ್ಲ.

ಹೊಸ ಡಿಸ್ಕ್ ಕೊರಿಯರ್ ಮಾಡಿದ್ದೇನೆ. ಬೇಕಾದದ್ದನ್ನೆಲ್ಲ ಹಾಕಿದ್ದೇನೆ. ಆ ಕೆಂಪು ವೈರಿಗೆ ಸೇರಿಸಿದರೆ ಸಾಕು, ಕಂಪ್ಯೂಟರ್ ಮೊದಲಿನಂತೆಯೇ ಶುರುವಾಗುತ್ತದೆ.

ಸುಮನ್


ಚಾಮರಾಜಪೇಟೆ
4-4-2025

ಅಣ್ಣನಿಗೆ ನಮಸ್ಕಾರ.

ಡಿಸ್ಕ್ ಬಂತು. ನಾನೇ ಸೇರಿಸಿದೆ. ಈಗ ಸ್ವಿಚ್ ಹಾಕಿದ ಕೂಡಲೇ ಕಂಪ್ಯೂಟರ್ ಶುರುವಾಗುತ್ತದೆ. ನೀಲಿ ಆಕಾಶ, ಹಸಿರು ಗುಡ್ಡ, ಎಲ್ಲ ತೊಳೆದಿಟ್ಟ ಹಾಗೆ ಇದೆ. ಅಪ್ಪ ಸಂಜೆ ಬಂದು ಅದರಲ್ಲಿ ಹಳೆಯ ಹಾಡು ಹಾಕಿಸಿಕೊಂಡು ಕೇಳುತ್ತಾರೆ. ಅಮ್ಮ ಯುಗಾದಿಯ ದಿನ ಅದಕ್ಕೆ ಬೇವಿನ ಎಸಳು ಸಿಕ್ಕಿಸಿ ಕುಂಕುಮ ಇಟ್ಟಳು. ಹಬ್ಬಕ್ಕೆ ನಿನಗೆಂದು ಒಬ್ಬಟ್ಟು ತೆಗೆದಿಟ್ಟಿದ್ದಳು. ಅಲ್ಲಿಗೆ ಕಳಿಸಿದರೆ ಕೆಡುತ್ತದೆ ಎಂದು ನಾನು ಹೇಳಿದ ಮೇಲೆ ಪಕ್ಕದ ಮನೆಗೆ ಕೊಟ್ಟಳು. ಸರಿಯಾಗಿ ಊಟ ಮಾಡಬೇಕಂತೆ, ಬರೆ ಎಂದಿದ್ದಾಳೆ. ಬರೆದಿದ್ದೇನೆ.

ನಾನು ಅದರ ಮುಂದೆ ಕೂತಿಲ್ಲ. ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ ಒಂದು ಸಲ ಬಣ್ಣದ ಪುಟ ತೆರೆದೆ. ಬಿಳಿಯಾಗಿ ತೆರೆದುಕೊಂಡಿತು. ಮೌಸು ಹಿಡಿದೆ. ಎಲ್ಲಿಂದ ಶುರು ಮಾಡುತ್ತಿದ್ದೆನೋ ಅದು ಕೈಗೆ ಬರಲಿಲ್ಲ. ಆರಿಸಿದೆ.

ಇಲ್ಲ ಎಂದು ಬರೆದಿದ್ದರೆ ಏನು ಸಿಗುತ್ತಿತ್ತು ಎಂದು ಕೇಳಿದ್ದೀಯ. ನವೆಂಬರ್ ಸಿಗುತ್ತಿತ್ತು ಅಣ್ಣ. ಡಿಸೆಂಬರ್, ಜನವರಿ ಸಿಗುತ್ತಿದ್ದವು. ಇಲ್ಲ ಎಂದು ಗೊತ್ತಿದ್ದರೆ ಆವತ್ತೇ ಕೂತು ಹೊಸದಾಗಿ ಬರೆಯುತ್ತಿದ್ದೆ. ಇದೆ ಎಂದುಕೊಂಡು ಕಾದೆ. ಕಾಯುತ್ತಾ ಇರುವವಳಿಗೆ ಹೊಸದು ಬರೆಯಲು ಬರುವುದಿಲ್ಲ.

ಹಬ್ಬದ ಮಾರನೆಯ ದಿನ ಕೈಯಲ್ಲಿ ಬರೆದ ನಾಲ್ಕು ಹಾಳೆ ಹಿಡಿದುಕೊಂಡು ವಿಶಾಲಾಕ್ಷಮ್ಮನ ಅಂಗಡಿಗೆ ಹೋದೆ. ಅಷ್ಟರಲ್ಲಿ ಸಾನ್ವಿ ಎಂಬ ಹುಡುಗಿಯನ್ನು ಡಿಸೈನಿಗೆ ಇಟ್ಟುಕೊಂಡಿದ್ದರು. ನನ್ನ ಹಾಳೆಗಳನ್ನು ನಿಂತುಕೊಂಡೇ ನೋಡಿದರು. "ಕೈ ಚೆನ್ನಾಗಿದೆ. ಮುಂಚೆ ಬರಬಾರದಾಗಿತ್ತಾ?" ಎಂದರು. ಏನಾಯಿತು ಎಂದು ಹೇಳಲು ಬಾಯಿ ತೆರೆದೆ. ಎಲ್ಲಿಂದ ಹೇಳಬೇಕು? ಮನೆಯ ಮಾತು. ಹೇಳಿದರೆ ನಿನ್ನ ಹೆಸರು ಬರುತ್ತದೆ. "ಆಗ್ಲಿಲ್ಲ ಮೇಡಂ" ಎಂದೆ. "ಹುಕ್ಕು, ಕಾಜ ಹೊಲಿಯಕ್ಕೆ ಬರತ್ತಾ?" ಎಂದು ಕೇಳಿದರು. ಬರುತ್ತದೆ ಎಂದೆ.

ಕಂಪ್ಯೂಟರ್ ಸರಿಯಾಗಿದೆ, ಇನ್ನು ನಿನ್ನನ್ನು ಕೇಳುವುದೇನೂ ಉಳಿದಿಲ್ಲ. ಹಾಗಾಗಿ ನಾನು ಬರೆಯುವುದೂ ಇರುವುದಿಲ್ಲ. ಅಮ್ಮನಿಗೆ ಬರೆಯಬೇಕೆನಿಸಿದರೆ ಅವಳ ಹೆಸರಿಗೇ ಬರೆ. ಅಪ್ಪ ಓದಿ ಹೇಳುತ್ತಾರೆ, ತಡವರಿಸಿದರೂ ಪೂರ್ತಿ ಓದುತ್ತಾರೆ.

ಇವತ್ತು ಬೆಳಿಗ್ಗೆ ಅಂಗಡಿಯಲ್ಲಿ ಮದುಮಗಳ ಹಸಿರು ರವಿಕೆಯೊಂದು ನನ್ನ ಪಾಲಿಗೆ ಬಂತು. ಬೆನ್ನಿನ ಮೇಲೆ ಸಾನ್ವಿ ಬರೆದ ನವಿಲು. ಚೆನ್ನಾಗಿಯೇ ಬರೆದಿದ್ದಾಳೆ. ಹುಕ್ಕುಗಳನ್ನು ಹೊಲಿದು, ದಾರವನ್ನು ಹಲ್ಲಿನಲ್ಲಿ ಕಡಿದು, ನವಿಲು ಮೇಲೆ ಕಾಣುವ ಹಾಗೆ ಮಡಿಸಿಟ್ಟೆ.

ಹೇಮಶ್ರೀ